ಸ್ಲಾಟೆಡ್ ಆ್ಯಂಗಲ್ ರ‍್ಯಾಕ್ ತಗೊಳ್ಳುವ ಮುಂಚೆ: ಐಎಸ್, ಬಿಎಸ್, ಇಎನ್ ನಂಬರುಗಳನ್ನು ಹೋಲಿಸಿ ನೋಡುವುದು ಹೇಗೆ

ನಮ್ಮ ಚಿಕ್ಕಮಗಳೂರು ಕಡೆ ಕಾಫಿ ಗೋಡೌನಿಗೆ ಹೋಗಿ, ಗೊಬ್ಬರದ ಅಂಗಡಿಗೆ ಹೋಗಿ, ಸೊಸೈಟಿ ಆಫೀಸಿಗೆ ಹೋಗಿ, ಎಲ್ ಆಕಾರದ, ಸಾಲು ತೂತಿನ ಕಬ್ಬಿಣದ ಆ್ಯಂಗಲ್ಲಿನ (ಅದೇ ಸ್ಲಾಟೆಡ್ ಆ್ಯಂಗಲ್) ರ‍್ಯಾಕು ಇದ್ದೇ ಇರುತ್ತದೆ. ನಟ್ಟು ಬೋಲ್ಟು ಬಿಗಿದರೆ ನಿಂತಿತು, ಬಿಚ್ಚಿದರೆ ಇನ್ನೊಂದು ಕಡೆಗೆ ಹೋಯಿತು. ನಮ್ಮ ಮನೆ ಗೋಡೌನಿಗೂ ಆರು ರ‍್ಯಾಕು ತಂದಿದ್ದೆವು. ಎರಡನೇ ಮಳೆಗಾಲದಲ್ಲಿ ಒಂದರ ಕಾಲು ಬಿಲ್ಲಿನ ಹಾಗೆ ಬಾಗಿತು. ಮೇಲಿನ ಮೂಟೆಗಳು ಜಾರಿ ಬಿದ್ದವು. ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ, ಅದೊಂದೇ ಸಮಾಧಾನ.

ಅಂಗಡಿಗೆ ಹೋಗಿ ಕೇಳಿದೆ. "ಗೌಡ್ರೇ, ಬಿಲ್ಲಲ್ಲೇ ಐಎಸ್ ನಂಬರ್ ಹಾಕಿದೀವಲ್ಲ, ನೋಡಿ" ಅಂದರು. ನಿಜ, ಬಿಲ್ಲಿನಲ್ಲಿ ಐಎಸ್ 513 ಅಂತ ಇತ್ತು. ಮನೆಗೆ ಬಂದು ಆ ನಂಬರು ಹುಡುಕಿದೆ. ಐಎಸ್ ಅಂದರೆ ಇಂಡಿಯನ್ ಸ್ಟ್ಯಾಂಡರ್ಡ್. ಐಎಸ್ 513 ಅಂದರೆ ಕೋಲ್ಡ್ ರೋಲ್ಡ್ ಶೀಟಿನ, ಅಂದರೆ ಕಾಯಿಸದೆ ಉರುಳೆಗಳ ನಡುವೆ ಒತ್ತಿ ತೆಳು ಮಾಡಿದ ಶೀಟಿನ ಸ್ಟ್ಯಾಂಡರ್ಡ್. ಶೀಟಿಗೆ ಮಾತ್ರ. ಆ ಶೀಟನ್ನು ಮಡಚಿ, ತೂತು ಹೊಡೆದು, ನಾಲ್ಕು ಕಾಲು ನಿಲ್ಲಿಸಿ, ಐದು ಹಲಗೆ ಹಾಕಿದ ಮೇಲೆ ಎಷ್ಟು ಭಾರ ಹೊರುತ್ತದೆ ಅನ್ನುವುದಕ್ಕೂ ಆ ನಂಬರಿಗೂ ಸಂಬಂಧವೇ ಇಲ್ಲ. ಅಂಗಡಿಯವರು ಸುಳ್ಳು ಹೇಳಿರಲಿಲ್ಲ, ನಾನು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ಆಮೇಲೆ ಸ್ಟ್ಯಾಂಡರ್ಡುಗಳನ್ನು ಒಂದೊಂದಾಗಿ ಓದಿದೆ, ಅಕ್ಕಪಕ್ಕದ ತೋಟದವರ ಕೊಟೇಷನ್‌ಗಳನ್ನೂ ಕೂತು ನೋಡಿಕೊಟ್ಟೆ. ಹೇಗೆ ನೋಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೇ ಕೆಲಸ: ನಂಬರು ಯಾವುದಕ್ಕೆ ಸೇರಿದ್ದು ಅಂತ ನೋಡಿ

ಕೊಟೇಷನ್ ಕೈಗೆ ಬಂದ ಕೂಡಲೇ ರೇಟು ನೋಡಬೇಡಿ. ಒಂದು ಪೆನ್ನು ತಗೊಂಡು ಅದರಲ್ಲಿರುವ ಪ್ರತಿ ನಂಬರಿನ ಪಕ್ಕ ಅದು ಶೀಟಿನದ್ದಾ, ಆ್ಯಂಗಲ್ಲಿನದ್ದಾ, ಕಟ್ಟಿದ ರ‍್ಯಾಕಿನದ್ದಾ, ಬೋಲ್ಟಿನದ್ದಾ, ಲೇಪದ್ದಾ ಅಂತ ಬರೆಯಿರಿ. ಇಷ್ಟು ಮಾಡಿದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ನಮ್ಮ ದೇಶದ ಪಟ್ಟಿ ಹೀಗಿದೆ. ಐಎಸ್ 513 ಕೋಲ್ಡ್ ರೋಲ್ಡ್ ಶೀಟು, ಐಎಸ್ 1079 ಹಾಟ್ ರೋಲ್ಡ್ (ಕಾಯಿಸಿ ಒತ್ತಿದ) ಶೀಟು, ಐಎಸ್ 277 ಸತುವಿನ ಲೇಪದ ಜಿಐ ಶೀಟು. ಇವು ಮೂರೂ ಕಚ್ಚಾ ಸಾಮಾನಿನವು. ತೂತಿನ ಸೆಕ್ಷನ್ನುಗಳಿಗೇ (ಆ್ಯಂಗಲ್ ಥರದ ಉದ್ದ ತುಂಡುಗಳಿಗೇ) ಅಂತ ಇರುವುದು ಐಎಸ್ 8081, 1976ರದ್ದು. ಕಟ್ಟಿ ನಿಲ್ಲಿಸಿದ, ಹಲಗೆ ಮೇಲೆ ಕೆಳಗೆ ಮಾಡಬಹುದಾದ ಲೋಹದ ರ‍್ಯಾಕಿಗೆ ಐಎಸ್ 1883. ತೆಳು ಶೀಟನ್ನು ಮಡಚಿ ಮಾಡಿದ ಸೆಕ್ಷನ್ನುಗಳ ಬಲ ಲೆಕ್ಕ ಹಾಕುವ ವಿಧಾನ ಇರುವುದು 1975ರ ಐಎಸ್ 801ರಲ್ಲಿ. ನಿಮ್ಮ ಕೊಟೇಷನ್ನಿನಲ್ಲಿ ಬರೀ 513 ಅಥವಾ 1079 ಇದ್ದರೆ, ನಿಮಗೆ ಸಿಕ್ಕಿರುವುದು ಕಬ್ಬಿಣದ ಭರವಸೆ ಮಾತ್ರ, ರ‍್ಯಾಕಿನದಲ್ಲ.

ಇನ್ನು "ಇದು ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್ ಸಾರ್" ಅನ್ನುವ ಮಾತು. ನಾನು ನೋಡಿದ ಮಟ್ಟಿಗೆ ಹಾಗೆ ಹೇಳುವವರು ತೋರಿಸುವುದು ಬೇರೆ ಯಾವುದೋ ಒಂದು ದೇಶದ ಅಥವಾ ಯುರೋಪಿನ ಸ್ಟ್ಯಾಂಡರ್ಡು. ತೂತಿನ ಆ್ಯಂಗಲ್ಲಿಗೆ ಬ್ರಿಟನ್ನಿನಲ್ಲಿ ಬಿಎಸ್ 4345 ಬಂದದ್ದು 1968ರಲ್ಲಿ. ಅದು ಅಲ್ಲಿ ಮೊದಲು ಬಂದದ್ದಕ್ಕೆ ಕಾರಣ ಇದೆ. ಈ ಆ್ಯಂಗಲ್ಲನ್ನು ಡೆಕ್ಸಿಯಾನ್ ಅನ್ನುವ ಹೆಸರಲ್ಲಿ ಲಂಡನ್ನಿನಲ್ಲಿ 1940ರ ದಶಕದ ಕೊನೆಗೆ ಮಾರುಕಟ್ಟೆಗೆ ತಂದವರು ಡಿಮಿಟ್ರಿಯಸ್ ಕೊಮಿನೊ ಅನ್ನುವ ಎಂಜಿನಿಯರ್. ಹಳಬರು ಕೆಲವರು ಈಗಲೂ ಇದನ್ನು ಡೆಕ್ಸಿಯಾನ್ ಆ್ಯಂಗಲ್ ಅಂತಲೇ ಕರೆಯುತ್ತಾರೆ. ಯುರೋಪಿನ ಇಎನ್ 15512, ಅಮೆರಿಕದ ಎಂಎಚ್ 16.1, ಆಸ್ಟ್ರೇಲಿಯಾದ ಎಎಸ್ 4084, ಇವು ಮೂರೂ ಪ್ಯಾಲೆಟ್ (ಸಾಮಾನು ಪೇರಿಸುವ ಅಡಿಮಣೆ) ಇಡುವ ದೊಡ್ಡ ರ‍್ಯಾಕುಗಳಿಗೆ, ಅಂದರೆ ಫೋರ್ಕ್‌ಲಿಫ್ಟ್ ಓಡಾಡುವ ಗೋಡೌನುಗಳಿಗೆ. ಕೈಯಲ್ಲಿ ಮೂಟೆ ಎತ್ತಿಡುವ ನಮ್ಮ ಆ್ಯಂಗಲ್ ರ‍್ಯಾಕಿಗೆ ಅವನ್ನು ನೇರವಾಗಿ ಅಂಟಿಸಲು ಬರುವುದಿಲ್ಲ. ಆದರೂ ಅವುಗಳಿಂದ ಕಲಿಯುವುದು ತುಂಬಾ ಇದೆ, ಮುಂದೆ ಹೇಳುತ್ತೇನೆ.

ಎರಡನೇ ಕೆಲಸ: ಸ್ಟ್ಯಾಂಡರ್ಡನ್ನು ನೀವೇ ತೆಗೆದು ಓದಿ

ಭಾರತೀಯ ಸ್ಟ್ಯಾಂಡರ್ಡುಗಳನ್ನು ಅವನ್ನು ಹೊರಡಿಸುವ ಸಂಸ್ಥೆಯಾದ ಬಿಐಎಸ್‌ನ ವೆಬ್‌ಸೈಟಿನಲ್ಲಿ ದುಡ್ಡು ಕೊಡದೆ ಓದಬಹುದು. ಹೆಸರು ನೋಂದಾಯಿಸಿ, ನಂಬರು ಹಾಕಿ ಹುಡುಕಿ. ನಂಬರಿನ ಜೊತೆ ವರ್ಷ ನೋಡಿ, ತಿದ್ದುಪಡಿ ಬಂದಿದೆಯಾ ನೋಡಿ. ಐಎಸ್ 513 ಈಗ ಎರಡು ಭಾಗ ಆಗಿದೆ, ಹಳೇ ಕೊಟೇಷನ್ನಿನ ನಮೂನೆಯಲ್ಲಿ ಹಳೇ ಗ್ರೇಡಿನ ಹೆಸರೇ ಉಳಿದಿರುತ್ತದೆ. ಬ್ರಿಟಿಷ್, ಯುರೋಪಿಯನ್ ಸ್ಟ್ಯಾಂಡರ್ಡುಗಳನ್ನು ದುಡ್ಡು ಕೊಟ್ಟೇ ತಗೊಳ್ಳಬೇಕು. ಹಾಗಾಗಿ ಯಾರಾದರೂ ಇಎನ್ ಅಂತ ಹೇಳಿದರೆ ಅವರ ಹತ್ತಿರ ಇರುವ ಪ್ರತಿ ತೋರಿಸಿ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಕೊಂಡು ಓದಿದವರು ಸಂತೋಷದಿಂದ ತೋರಿಸುತ್ತಾರೆ.

ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಅಂತ ಲೈಸೆನ್ಸ್ ನಂಬರು ಇರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿ. ಯಾರ ಹೆಸರಲ್ಲಿದೆ, ಯಾವ ಸ್ಟ್ಯಾಂಡರ್ಡಿಗೆ ಸಿಕ್ಕಿದೆ, ಈಗಲೂ ಚಾಲ್ತಿಯಲ್ಲಿದೆಯಾ, ಎಲ್ಲ ಬರುತ್ತದೆ. ಶೀಟು ಮಾಡುವ ಫ್ಯಾಕ್ಟರಿಯ ಲೈಸೆನ್ಸು ಬಂದರೆ ಅದು ಶೀಟಿಗೆ. ರ‍್ಯಾಕಿಗೆ ಅಂತ ತಿಳಿದುಕೊಳ್ಳಬೇಡಿ.

ಮೂರನೇ ಕೆಲಸ: ಕಬ್ಬಿಣದ ಗ್ರೇಡು

ಇಲ್ಲಿ ಹೋಲಿಕೆ ಸುಲಭ. ಯೀಲ್ಡ್ ಅಂತ ಒಂದು ಅಂಕಿ ಇದೆ. ಕಬ್ಬಿಣ ಬಾಗಿದ ಮೇಲೆ ವಾಪಸ್ ನೆಟ್ಟಗಾಗದೆ ಹಾಗೇ ಉಳಿಯಲು ಶುರು ಮಾಡುವ ಹಂತ ಅದು. ನಮ್ಮ ಐಎಸ್ 2062ರ ಇ250 ಗ್ರೇಡಿಗೆ ಕನಿಷ್ಠ 250 ಮೆಗಾಪಾಸ್ಕಲ್ (ಒತ್ತಡ ಅಳೆಯುವ ಮಾನ), ಯುರೋಪಿನ ಎಸ್235ಕ್ಕೆ 235, ಅಮೆರಿಕದ ಎ36ಕ್ಕೆ 250, ಜಪಾನಿನ ಎಸ್‌ಎಸ್400ಕ್ಕೆ 245. ನೋಡಿ, ಎಲ್ಲವೂ ಅಕ್ಕಪಕ್ಕದ ಅಂಕಿಗಳೇ. ವಿದೇಶಿ ಗ್ರೇಡು ಅಂತ ಹೇಳಿ ಜಾಸ್ತಿ ರೇಟು ಕೇಳಿದರೆ ಈ ನಾಲ್ಕು ಅಂಕಿ ನೆನಪಿಟ್ಟುಕೊಳ್ಳಿ. ಜಪಾನಿನ 400 ಅನ್ನುವುದು ಎಳೆದು ಹರಿಯುವ ಹಂತದ ಅಂಕಿ, ಅದನ್ನು ನಮ್ಮ 250ರ ಪಕ್ಕ ಇಟ್ಟು ಹೋಲಿಸಬಾರದು.

ಆದರೆ ನಮ್ಮ ತೂತಿನ ಆ್ಯಂಗಲ್ ಕೋಲ್ಡ್ ರೋಲ್ಡ್ ಶೀಟಿನಲ್ಲಿ ಮಾಡಿದ್ದಾದರೆ ಅದಕ್ಕೆ ಈ ಗ್ರೇಡುಗಳು ಅನ್ವಯಿಸುವುದಿಲ್ಲ. ಅಲ್ಲಿ ಹೇಳುವುದು ಡಿ, ಡಿಡಿ, ಇಡಿಡಿ ಅಂತ. ಈಗಿನ ಹೆಸರಲ್ಲಿ ಸಿಆರ್2, ಸಿಆರ್3, ಸಿಆರ್4. ಅಕ್ಷರ ಜಾಸ್ತಿ ಆದ ಹಾಗೆ ಬಲ ಜಾಸ್ತಿ ಅಂತ ನಾನೂ ಅಂದುಕೊಂಡಿದ್ದೆ. ಅದು ಉಲ್ಟಾ. ಡಿ ಅಂದರೆ ಡ್ರಾಯಿಂಗ್. ಪಾತ್ರೆ, ಕಾರಿನ ಬಾಗಿಲು ಮುಂತಾದವನ್ನು ಒತ್ತಿ ಆಕಾರ ಕೊಡಲು ಮೆತ್ತಗಿರಬೇಕಾದ ಶೀಟು ಅದು. ಯುರೋಪಿನ ಇಎನ್ 10130ರ ಡಿಸಿ01 ಗ್ರೇಡಿನಲ್ಲಿ ಯೀಲ್ಡಿಗೆ ಗರಿಷ್ಠ ಮಿತಿ 280 ಅಂತ ಇದೆ, ಇದಕ್ಕಿಂತ ಗಟ್ಟಿ ಆಗಬಾರದು ಅಂತ. ಭಾರ ಹೊರುವ ಕಾಲಿಗೆ ನಮಗೆ ಬೇಕಾದದ್ದು ಕನಿಷ್ಠ ಎಷ್ಟು ಅನ್ನುವ ಅಂಕಿ. ಹಾಗಾಗಿ ಕಾಲಿನ ಆ್ಯಂಗಲ್ಲಿಗೆ "ಕನಿಷ್ಠ ಯೀಲ್ಡ್ ಎಷ್ಟು" ಅಂತ ಕೇಳಿ ಬರೆಸಿಕೊಳ್ಳಿ.

ಜೊತೆಗೆ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಯುರೋಪಿನ ಇಎನ್ 10204ರಲ್ಲಿ ಇದಕ್ಕೆ ದರ್ಜೆಗಳಿವೆ, ಇದು ನನಗೆ ತುಂಬಾ ಹಿಡಿಸಿದ ವ್ಯವಸ್ಥೆ. 2.1 ಅಂದರೆ ಮಾರುವವರ ಮಾತು ಮಾತ್ರ, ಅಂಕಿ ಇಲ್ಲ. 2.2 ಅಂದರೆ ಅಂಕಿ ಇದೆ, ಆದರೆ ನಿಮಗೆ ಬಂದ ಮಾಲಿನದ್ದೇ ಆಗಿರಬೇಕಿಲ್ಲ. 3.1 ಅಂದರೆ ನಿಮಗೆ ಕಳಿಸಿದ ಲಾಟನ್ನೇ ಪರೀಕ್ಷೆ ಮಾಡಿ ಬರೆದದ್ದು. ನಮ್ಮಲ್ಲಿ ಕೊಡುವ ಮಿಲ್ ಸರ್ಟಿಫಿಕೇಟಿನಲ್ಲೂ ಕಾಯಿಲ್ (ಶೀಟಿನ ಸುರುಳಿ) ನಂಬರು ಅಥವಾ ಹೀಟ್ (ಒಂದು ಸಲಕ್ಕೆ ಕರಗಿಸಿದ ಉಕ್ಕು) ನಂಬರು ಇರುತ್ತದೆ. ಅಂಗಡಿಯವರು ಆ ಕಾಯಿಲನ್ನೇ ನಿಮ್ಮ ಆ್ಯಂಗಲ್ಲಿಗೆ ಬಳಸಿದ್ದಾರಾ ಅಂತ ಕೇಳಿ.

ನಾಲ್ಕನೇ ಕೆಲಸ: ದಪ್ಪ ಅಳೆಯಿರಿ, ತೂಕ ಹಾಕಿ

ಗೇಜಿನ ಮಾತು ನಂಬಬೇಡಿ, ಮಿಲಿಮೀಟರಿನಲ್ಲಿ ಬರೆಸಿ. 16 ಗೇಜು ಅಂದರೆ ಬ್ರಿಟಿಷ್ ಲೆಕ್ಕದಲ್ಲಿ 1.63 ಮಿ.ಮೀ, ಅಮೆರಿಕದ ಶೀಟ್ ಗೇಜಿನಲ್ಲಿ 1.52. 14 ಗೇಜು ಬ್ರಿಟಿಷ್ ಲೆಕ್ಕದಲ್ಲಿ 2.03, ಅಮೆರಿಕದ್ದರಲ್ಲಿ 1.90. ಒಂದೇ ಮಾತು, ಎರಡು ದಪ್ಪ, ಅಲ್ವಾ? ಜೊತೆಗೆ ಬಣ್ಣ ಇದೆ. ಪೌಡರ್ ಕೋಟಿಂಗ್ ಒಂದು ಬದಿಗೆ 60-80 ಮೈಕ್ರಾನ್ ಇದ್ದರೆ ಎರಡೂ ಬದಿ ಸೇರಿ 0.12ರಿಂದ 0.16 ಮಿ.ಮೀ ಆಯಿತು. 1.5ರ ಶೀಟು ನಿಮ್ಮ ಕ್ಯಾಲಿಪರಿನಲ್ಲಿ 1.6ಕ್ಕಿಂತ ಮೇಲೆ ತೋರಿಸುತ್ತದೆ! ಒಂದು ತುದಿಯಲ್ಲಿ ಬಣ್ಣ ಕೆರೆದು ಅಳೆಯಿರಿ. ಸ್ಟ್ಯಾಂಡರ್ಡುಗಳಲ್ಲಿ ಶೀಟಿನ ದಪ್ಪಕ್ಕೆ ಒಂದಿಷ್ಟು ಹೆಚ್ಚು ಕಡಿಮೆ ಆಗಲು ಅವಕಾಶ ಇದೆ, ಅದು ಶೀಟಿಗೆ ಕೊಟ್ಟ ರಿಯಾಯಿತಿ. ಬಣ್ಣವನ್ನು ಅದರೊಳಗೆ ಸೇರಿಸಲು ಬರುವುದಿಲ್ಲ.

ಕ್ಯಾಲಿಪರ್ ಇಲ್ಲದಿದ್ದರೆ ತಕ್ಕಡಿ ಇದ್ದೇ ಇದೆ, ಕಾಫಿ ತೂಗುವ ಮನೆಗಳಲ್ಲಿ ತಕ್ಕಡಿಗೇನು ಬರ. 40×40×2 ಮಿ.ಮೀ ಆ್ಯಂಗಲ್ಲಿನ ಲೆಕ್ಕ ಹೇಳುತ್ತೇನೆ. ಎರಡು ಮಗ್ಗುಲು ಸೇರಿ ಬಿಚ್ಚಿ ಹರಡಿದರೆ ಅಗಲ ಸುಮಾರು 78 ಮಿ.ಮೀ. ಅದನ್ನು 2ರಿಂದ ಗುಣಿಸಿದರೆ 156. ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7850 ಕೆಜಿ, ಹಾಗಾಗಿ ಮೀಟರಿಗೆ 1.22 ಕೆಜಿ. ಹತ್ತು ಅಡಿಗೆ 3.73 ಕೆಜಿ. ಇದರಲ್ಲಿ ತೂತಿನ ತೂಕ ಕಳೆಯಿರಿ. 8 ಮಿ.ಮೀ ಅಗಲ, 20 ಮಿ.ಮೀ ಉದ್ದದ, ತುದಿ ದುಂಡಗಿರುವ ಒಂದು ತೂತು 2 ಮಿ.ಮೀ ದಪ್ಪದಲ್ಲಿ ಸುಮಾರು 2.3 ಗ್ರಾಂ ತಿನ್ನುತ್ತದೆ. ಅಂಥ 200 ಇದ್ದರೆ 460 ಗ್ರಾಂ ಹೋಯಿತು, ಉಳಿದದ್ದು 3.27 ಕೆಜಿ. ನಿಮ್ಮ ಆ್ಯಂಗಲ್ಲಿನ ಅಳತೆ, ತೂತಿನ ಎಣಿಕೆ ಹಾಕಿಕೊಂಡು ಇದೇ ಲೆಕ್ಕ ಮಾಡಿ. ಇದೇ ಆ್ಯಂಗಲ್ 1.6 ಮಿ.ಮೀ ಶೀಟಿನದ್ದಾದರೆ 2.63 ಕೆಜಿ ಬರುತ್ತದೆ. ಅರ್ಧ ಕೆಜಿಗೂ ಜಾಸ್ತಿ ವ್ಯತ್ಯಾಸ, ಅದು ತಕ್ಕಡಿಯಲ್ಲಿ ಕಾಣದೆ ಇರುವುದಿಲ್ಲ.

ಐದನೇ ಕೆಲಸ: ಸತು, ನಮ್ಮ ಮಳೆಗೆ ಬೇಕಾದಷ್ಟು

ಹಾಸನದ ಬಯಲು ಕಡೆ, ಅಂದರೆ ಅರಸೀಕೆರೆ, ಚನ್ನರಾಯಪಟ್ಟಣದಲ್ಲಿ ಒಳಾಂಗಣದ ರ‍್ಯಾಕಿಗೆ ಒಳ್ಳೆ ಪೌಡರ್ ಕೋಟಿಂಗ್ ಸಾಕಾಗಬಹುದು. ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆ ಅದು ಸಾಲದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜೂನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಅದೇ ಗೋಡೌನಿನಲ್ಲಿ ಗೊಬ್ಬರದ ಚೀಲ ಇಟ್ಟರೆ ಅದು ತೇವ ಎಳೆದುಕೊಂಡು ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಸುತ್ತದೆ. ತುಕ್ಕು ಶುರುವಾಗುವುದು ತೂತಿನ ಅಂಚಿನಲ್ಲಿ.

ಜಿಐ ಶೀಟಿನಲ್ಲಿ 275 ಅಂದರೆ ಚದರ ಮೀಟರಿಗೆ ಎರಡೂ ಬದಿ ಸೇರಿ 275 ಗ್ರಾಂ ಸತು. ಒಂದು ಬದಿಗೆ ಸುಮಾರು 19-20 ಮೈಕ್ರಾನ್. ಇದನ್ನೇ ಯುರೋಪಿನವರು ಝಡ್275 ಅನ್ನುತ್ತಾರೆ, ಅಮೆರಿಕದವರು ಜಿ90, ಜಪಾನಿನವರು ಝಡ್27. ಹೆಸರು ಮೂರು, ಸತು ಒಂದೇ. ಆದರೆ ಇಂಥ ಶೀಟಿಗೆ ಆಮೇಲೆ ತೂತು ಹೊಡೆದರೆ ತೂತಿನ ಅಂಚು ಬರಿ ಕಬ್ಬಿಣ. ಪಕ್ಕದ ಸತು ಸ್ವಲ್ಪ ಕಾಪಾಡುತ್ತದೆ, ಎಷ್ಟೋ ದಿನಕ್ಕೆ ಅಲ್ಲ. ತೂತು ಹೊಡೆದ ಮೇಲೆ ಇಡೀ ಆ್ಯಂಗಲ್ಲನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ಕ್ರಮ ಬೇರೆ. ಅದಕ್ಕೆ ನಮ್ಮದು ಐಎಸ್ 4759, ಹೊರಗಿನದು ಐಎಸ್‌ಒ 1461, ಇದು ನಿಜವಾಗಿಯೂ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡು. ಐಎಸ್‌ಒ 1461 ಪ್ರಕಾರ 1.5ರಿಂದ 3 ಮಿ.ಮೀ ದಪ್ಪದ ಉಕ್ಕಿಗೆ ಸರಾಸರಿ 55 ಮೈಕ್ರಾನ್ ಸತು ಇರಬೇಕು. 20 ಎಲ್ಲಿ, 55 ಎಲ್ಲಿ. "ಜಿಐ ಸಾರ್" ಅಂತ ಹೇಳಿದರೆ ಮೊದಲು ಸತುವಾ ಮೊದಲು ತೂತಾ ಅಂತ ಕೇಳಿ.

ಬೋಲ್ಟಿನ ವಿಚಾರ ಬೇಗ ಮುಗಿಸುತ್ತೇನೆ. ಹಳೇ ಬ್ರಿಟಿಷ್ ಅಳತೆಯಲ್ಲಿ 5/16 ಇಂಚು, ಅಂದರೆ 7.94 ಮಿ.ಮೀ. ಈಗಿನದ್ದು ಎಂ8. ನೋಡಲು ಅವಳಿ ಜವಳಿ, ಮರೆಯ (ಥ್ರೆಡ್ಡಿನ) ಅಂತರ ಬೇರೆ ಬೇರೆ, ಒಂದರ ನಟ್ಟು ಇನ್ನೊಂದಕ್ಕೆ ಹಾಕಿದರೆ ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಬಲಕ್ಕೆ ಬೋಲ್ಟಿನ ತಲೆ ಮೇಲೆ 4.6 ಅಥವಾ 8.8 ಅಂತ ಇರುತ್ತದೆ. ಈ ವಿಷಯದಲ್ಲಿ ನಮ್ಮ ಐಎಸ್ 1367 ಮೂರನೇ ಭಾಗವೂ ಐಎಸ್‌ಒ 898-1ರ ಅರ್ಥವೇ ಹೇಳುತ್ತದೆ, ಹೋಲಿಸುವ ತಲೆನೋವಿಲ್ಲ. ಮೂಲೆಯ ಕಾರ್ನರ್ ಪ್ಲೇಟ್ ಮಾತ್ರ ಬಿಡಬೇಡಿ, ರ‍್ಯಾಕು ಓಲಾಡದಂತೆ ಹಿಡಿಯುವುದು ಅದೇ.

ಆರನೇ ಕೆಲಸ: ಭಾರ, ಇದೇ ಮುಖ್ಯ

ನಮ್ಮ ರ‍್ಯಾಕಿಗೆ ಏನಾಯಿತು ಅಂತ ಈಗ ಹೇಳುತ್ತೇನೆ. ಐದು ಹಲಗೆ, ಹಲಗೆಗೆ 50 ಕೆಜಿಯ ಮೂರು ಮೂಟೆ, ಅಂದರೆ ಒಟ್ಟು 750 ಕೆಜಿ. ಒಂದು ಕಾಲಿಗೆ ಸುಮಾರು 188 ಕೆಜಿ. ಮೊದಲ ವರ್ಷ ಹಾಗೇ ನಿಂತಿತ್ತು. ಎರಡನೇ ವರ್ಷ ಕೆಳಗಿನಿಂದ ಎರಡನೇ ಹಲಗೆ ಬಿಚ್ಚಿದೆವು, ಸ್ಪ್ರೇಯರ್ ಇಡಲು ಎತ್ತರ ಬೇಕಿತ್ತು. ಮೂರು ಮೂಟೆ ಕಡಿಮೆಯಾಯಿತಲ್ಲ, ಇನ್ನೂ ಹಗುರ ಅಂದುಕೊಂಡೆವು. ಆದರೆ ಹಲಗೆ ಬರೀ ಸಾಮಾನು ಹೊರುವುದಿಲ್ಲ, ಕಾಲನ್ನು ನಡುವೆ ಹಿಡಿದು ನಿಲ್ಲಿಸುತ್ತದೆ. ಉದ್ದ ಸಪೂರ ಕಾಲು ಹಿಡಿತವಿಲ್ಲದ ಉದ್ದ ಎರಡರಷ್ಟಾದರೆ, ಬಾಗದೆ ಹೊರುವ ಭಾರ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನಾವು ಬಿಚ್ಚಿದ ಜಾಗದಲ್ಲೇ ಕಾಲು ಬಾಗಿದ್ದು.

ಕಬ್ಬಿಣದ ಸ್ಟ್ಯಾಂಡರ್ಡು ಎಷ್ಟು ಚೆನ್ನಾಗಿದ್ದರೂ ಇದನ್ನು ತಡೆಯಲು ಆಗುತ್ತಿರಲಿಲ್ಲ. ಕಟ್ಟಿದ ರ‍್ಯಾಕಿನ ಸ್ಟ್ಯಾಂಡರ್ಡು ಬೇಕಾಗುವುದು ಇಲ್ಲೇ. ಇಎನ್ 15512 ಓದಿದರೆ ತೂತಿನ ಕಾಲನ್ನು ಅವರು ಬರೀ ಲೆಕ್ಕದಲ್ಲಿ ನಂಬುವುದಿಲ್ಲ ಅಂತ ಗೊತ್ತಾಗುತ್ತದೆ. ಕಾಲಿನ ತುಂಡನ್ನು ಯಂತ್ರದಲ್ಲಿ ಒತ್ತಿ ಪರೀಕ್ಷೆ ಮಾಡಿ, ತೂತಿನಿಂದ ಎಷ್ಟು ಬಲ ಹೋಯಿತು ಅಂತ ಕಂಡುಕೊಳ್ಳುತ್ತಾರೆ. ಅಮೆರಿಕದ ಎಂಎಚ್ 16.1ರಲ್ಲೂ ಇಂಥ ಪರೀಕ್ಷೆ ಇದೆ. ಇಡುವ ಸಾಮಾನಿನ ತೂಕಕ್ಕೆ ಇಎನ್ 1.4 ಪಟ್ಟು ಹಿಡಿದು ಲೆಕ್ಕ ಹಾಕುತ್ತದೆ. ನಮ್ಮ ಐಎಸ್ 801 ಹಳೇ ಪದ್ಧತಿಯಲ್ಲಿ ಯೀಲ್ಡಿನ ಸುಮಾರು 0.6 ಭಾಗವನ್ನಷ್ಟೇ ಬಳಸಲು ಬಿಡುತ್ತದೆ. ದಾರಿ ಬೇರೆ, ಎರಡಕ್ಕೂ ಬೇಕಾದದ್ದು ಸ್ವಲ್ಪ ಬಲ ಕೈಯಲ್ಲಿ ಉಳಿಸಿಕೊಳ್ಳುವುದು. ಒಂದರ 1.4 ತಗೊಂಡು ಇನ್ನೊಂದರ 0.6ರ ಜೊತೆ ಬೆರೆಸಿ ಲೆಕ್ಕ ಮಾಡಬೇಡಿ, ಅರ್ಥ ಕೆಡುತ್ತದೆ. ಅಡ್ಡ ತೊಲೆ ಎಷ್ಟು ಜಗ್ಗಬಹುದು ಅನ್ನುವುದಕ್ಕೆ ಯುರೋಪಿನಲ್ಲಿ ಉದ್ದದ 200ರಲ್ಲಿ ಒಂದು ಭಾಗ, ಅಮೆರಿಕದಲ್ಲಿ 180ರಲ್ಲಿ ಒಂದು. 1800 ಮಿ.ಮೀ ಉದ್ದಕ್ಕೆ 9 ಮತ್ತು 10 ಮಿ.ಮೀ. ನಾನು ನಮ್ಮ ಆ್ಯಂಗಲ್ ರ‍್ಯಾಕಿಗೂ ಯುರೋಪಿನ ಮಿತಿಯನ್ನೇ ಇಟ್ಟುಕೊಂಡಿದ್ದೇನೆ, ದಾರ ಎಳೆದು ಸ್ಕೇಲಿನಲ್ಲಿ ನೋಡಬಹುದು.

ಇನ್ನೊಂದು ಮಾತು. ಕೊಟೇಷನ್ನಿನಲ್ಲಿ "ಹಲಗೆಗೆ 150 ಕೆಜಿ ಯುಡಿಎಲ್" ಅಂತ ಇದ್ದರೆ ಅದು ಹಲಗೆ ತುಂಬಾ ಸಮನಾಗಿ ಹರಡಿದ ಭಾರ. ಅದೇ 150 ಕೆಜಿಯ ಮೋಟರು ತಂದು ನಟ್ಟನಡುವೆ ಇಟ್ಟರೆ ತೊಲೆಗೆ ಬೀಳುವ ಬಾಗಿಸುವ ಬಲ ಎರಡರಷ್ಟು.

ಹಾಗಾಗಿ ಆರ್ಡರ್ ಕೊಡುವಾಗ ಇಷ್ಟು ಒಂದೇ ಹಾಳೆಯಲ್ಲಿ ಬರೆಸಿ ಸಹಿ, ಸೀಲು ಹಾಕಿಸಿಕೊಳ್ಳಿ: ಹಲಗೆಗೆ ಎಷ್ಟು ಕೆಜಿ, ಇಡೀ ರ‍್ಯಾಕಿಗೆ ಎಷ್ಟು ಕೆಜಿ, ನೆಲದಿಂದ ಮೊದಲ ಹಲಗೆಗೆ ಮತ್ತು ಹಲಗೆಯಿಂದ ಹಲಗೆಗೆ ಗರಿಷ್ಠ ಎಷ್ಟು ಅಂತರ, ಬಣ್ಣ ಬಿಟ್ಟು ಶೀಟಿನ ದಪ್ಪ ಎಷ್ಟು ಮಿ.ಮೀ, ಕನಿಷ್ಠ ಯೀಲ್ಡ್ ಎಷ್ಟು, ಸತು ಎಷ್ಟು, ಈ ಭಾರದ ಅಂಕಿ ಯಾವ ಸ್ಟ್ಯಾಂಡರ್ಡಿನ ಯಾವ ವರ್ಷದ ಪ್ರತಿ ನೋಡಿ ಬಂತು, ಪರೀಕ್ಷೆಯಿಂದಲಾ ಲೆಕ್ಕದಿಂದಲಾ. ಭಾರದ ಅಂಕಿಯ ಪಕ್ಕ ಅಂತರದ ಅಂಕಿ ಇಲ್ಲದಿದ್ದರೆ ಆ ಹಾಳೆ ವಾಪಸ್ ಕೊಟ್ಟು ಮತ್ತೆ ಬರೆಸಿ. ಒಬ್ಬರು ಇಂಟರ್‌ನ್ಯಾಷನಲ್ ಅಂತ ಹೇಳಿ ಈ ಅಂಕಿ ಕೊಡುವುದಿಲ್ಲ, ಇನ್ನೊಬ್ಬರು ಬರೀ ಐಎಸ್ 8081, ಐಎಸ್ 1883 ಹೇಳಿ ಎಲ್ಲ ಅಂಕಿ ಬರೆದುಕೊಡುತ್ತಾರೆ ಅಂದರೆ ನಾನು ಎರಡನೆಯವರ ಹತ್ತಿರ ತಗೊಳ್ಳುತ್ತೇನೆ.

ಮಾಲು ಬಂದು ನಿಲ್ಲಿಸುವಾಗ ಕಾಲಿನ ಕೆಳಗೆ ಬೇಸ್ ಪ್ಲೇಟ್ ಇರಲಿ, ಇಲ್ಲದಿದ್ದರೆ ಆ್ಯಂಗಲ್ಲಿನ ಚೂಪು ಅಂಚು ನಮ್ಮ ರೆಡ್ ಆಕ್ಸೈಡ್ ನೆಲ ಕೊರೆದು ಒಂದು ಕಾಲು ತಗ್ಗುತ್ತದೆ. ತೂಗುಗುಂಡು ಬಿಟ್ಟು ನೆಟ್ಟಗಿದೆಯಾ ನೋಡಿ. ಎತ್ತರದ ರ‍್ಯಾಕನ್ನು ಗೋಡೆಗೆ ಬಿಗಿಯಿರಿ. ಭಾರದ ಅಂಕಿಯನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ರ‍್ಯಾಕಿಗೇ ಹಾಕಿ, ಮೂಟೆ ಇಡುವವರು ಕೊಟೇಷನ್ ಓದಿರುವುದಿಲ್ಲ. "ಹಲಗೆ ಬಿಚ್ಚಬೇಡಿ" ಅಂತಲೂ ಬರೆಯಿರಿ.

ಆಮೇಲೆ ವರ್ಷಕ್ಕೊಮ್ಮೆ ತಪಾಸಣೆ. ಬಳಕೆಯಲ್ಲಿರುವ ರ‍್ಯಾಕನ್ನು ನೋಡಿಕೊಳ್ಳುವುದಕ್ಕೆ ಯುರೋಪಿನ ಇಎನ್ 15635ರಲ್ಲಿ ಒಂದು ಸರಳ ಉಪಾಯ ಇದೆ. ಪ್ಯಾಲೆಟ್ ರ‍್ಯಾಕಿಗೆ ಬರೆದದ್ದಾದರೂ ನಾನು ನಮ್ಮಲ್ಲಿ ಅದನ್ನೇ ಮಾಡುತ್ತೇನೆ. ಒಂದು ಮೀಟರ್ ಉದ್ದದ ನೆಟ್ಟಗಿನ ಪಟ್ಟಿಯನ್ನು ಕಾಲಿಗೆ ಒತ್ತಿ ಹಿಡಿಯಬೇಕು. ರ‍್ಯಾಕಿನ ಉದ್ದದ ದಿಕ್ಕಿಗೆ ಬಾಗಿದ್ದರೆ ನಡುವಿನ ಸಂದು 5 ಮಿ.ಮೀ ದಾಟಬಾರದು, ಹಿಂದೆ ಮುಂದೆ ದಿಕ್ಕಿಗೆ ಬಾಗಿದ್ದರೆ 3 ಮಿ.ಮೀ. ದಾಟಿದರೆ ದುರಸ್ತಿ, ಎರಡರಷ್ಟಾಗಿದ್ದರೆ ಆ ಕ್ಷಣವೇ ಸಾಮಾನು ಇಳಿಸಬೇಕು. ನಾನು ಅಕ್ಟೋಬರಿನಲ್ಲಿ ಮಾಡುತ್ತೇನೆ, ಮಳೆ ನಿಂತಿರುತ್ತದೆ, ಅರೇಬಿಕಾ ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ, ಗೋಡೌನು ಖಾಲಿ ಇರುತ್ತದೆ. ಒಂದು ಸ್ಪ್ಯಾನರ್, ಒಂದು ಪಟ್ಟಿ, ಒಂದು ಡಬ್ಬಿ ಸತುವಿನ ಪೇಂಟು ಇದ್ದರೆ ಆರು ರ‍್ಯಾಕಿಗೆ ಒಂದು ಬೆಳಗ್ಗೆ ಸಾಕು.